ಡಾಂಬರು ಮೆತ್ತಿದ ಮೂರ್ತಿ

ಜಮಾದಾರ ಕುಕ್ಕರುಗಾಲಲ್ಲಿ ಕೂತು ಹೆಬ್ಬೆರಳಿನ ಉಗುರಿನಿಂದ ಕಲ್ಲುಚಪ್ಪಡಿಯನ್ನು ಕೆರೆದ. ಉಗುರಿನೊಳಗೆ ಕರ್ರಗೆ ಏನೋ ಹತ್ತಿತು. ಮೂಗಿಗೆ ಹಿಡಿದ. ಡಾಂಬರು.

ಅದು ಹಳೇ ಸಾಮಾನಿನ ಅಂಗಡಿ ಧಣಿಯ ಹಿತ್ತಲು. ಒಂದು ಮೂಲೆಯಲ್ಲಿ ಒಣಹುಲ್ಲಿನ ಹೊರೆ, ಇನ್ನೊಂದರಲ್ಲಿ ಮರದ ಹೊಟ್ಟಿನ ಮೂಟೆ, ನಡುವೆ ಅರ್ಧ ಮೊಳೆ ಹೊಡೆದ ಪೆಟ್ಟಿಗೆಗಳು. ಪೆಟ್ಟಿಗೆ ಕಟ್ಟುವವನ ಸುತ್ತಿಗೆ ಇನ್ನೂ ಹಲಗೆಯ ಮೇಲೇ ಇತ್ತು. ಅವನು ಮಾತ್ರ ಠಾಣೆಯ ಸರಳಿನ ಹಿಂದಿದ್ದ.

ಆ ಪೆಟ್ಟಿಗೆಯವನು ಜಮಾದಾರನ ತಂಗಿಯ ಗಂಡ. ಅಂಗಡಿಯಿಂದ ಕಂಚಿನ ಮೂರ್ತಿ ಕದ್ದನೆಂದು ಅವನನ್ನು ಹಿಡಿದಿದ್ದರು. ಸಂಜೆಯ ರೈಲಿಗೆ ಸುರಂಗ ತೋಡುವ ಸೆರೆಶಿಬಿರಕ್ಕೆ ಕಳಿಸುವುದೆಂದು ಹುಕುಂ ಆಗಿತ್ತು. ಶಾಂತಿಕಾಲದಲ್ಲಾಗಿದ್ದರೆ ವಕೀಲರು, ವಾಯಿದೆ ಅಂತ ವರ್ಷ ಎಳೆಯುತ್ತಿತ್ತು. ಯುದ್ಧಕಾಲದ ಕಾನೂನಿಗೆ ಅಷ್ಟು ಪುರುಸೊತ್ತಿಲ್ಲ. ಆ ಶಿಬಿರಕ್ಕೆ ಹೋದವರು ಯಾರೂ ಇನ್ನೂ ತಿರುಗಿ ಬಂದದ್ದಿಲ್ಲ.

ಅವನು ಮಾಡಿದ ತಪ್ಪು ಒಂದೇ. ಮೂರ್ತಿ ಇಟ್ಟಿದ್ದ ಪೆಟ್ಟಿಗೆಯನ್ನು ಒಂದು ಬೆಳಿಗ್ಗೆ ಜರುಗಿಸಲು ಹೋಗಿ, ಎಲ್ಲರೂ ಕೇಳುವಂತೆ, ಇದೇನು ಧಣೀ ಇಷ್ಟು ಹಗುರಾಗಿದೆ ಅಂದುಬಿಟ್ಟ. ಮುಚ್ಚಳ ತೆಗೆದರೆ ಒಳಗೆ ಬರೀ ಹೊಟ್ಟು. ಯಾರು ಮೊದಲು ಬಾಯಿಬಿಟ್ಟರೋ ಅವರ ಕೈಗೇ ಬೇಡಿ ಬಿತ್ತು.

ಜಮಾದಾರ ಸೊಂಟ ಹಿಡಿದುಕೊಂಡು ಎದ್ದ. ನಿವೃತ್ತನಾಗಿ ಮನೆಯಲ್ಲಿ ಕೂತಿದ್ದವನು ಅವನು. ಪ್ರಾಯದ ಪೋಲೀಸರೆಲ್ಲ ದಂಡಿಗೆ ಹೋದ ಮೇಲೆ ಸರ್ಕಾರ ಮತ್ತೆ ಕರೆದಿತ್ತು. ಹಳೇ ಬೆಲ್ಟನ್ನೇ ವಾಪಸ್ಸು ಕೊಟ್ಟಿದ್ದರು. ಬೆಲ್ಟು ಹಾಗೇ ಇತ್ತು, ಹೊಟ್ಟೆ ಮಾತ್ರ ಮುಂದುವರಿದಿತ್ತು.

ಹಿತ್ತಲನ್ನು ಇನ್ನೊಮ್ಮೆ ಕಣ್ಣಲ್ಲೇ ಸುತ್ತಿದ. ಮಾಡು ಸೋರುವಂತಿರಲಿಲ್ಲ. ಬಾಗಿಲಿಗೆ ಹಸಿರು ಬಣ್ಣ. ಡಾಂಬರು ಬಳಿಯಲು ದೋಣಿಯಂತೂ ಇಲ್ಲವೇ ಇಲ್ಲ. ಚಿತ್ರದ ಸುರುಳಿ, ಪಿಂಗಾಣಿ, ಕಂಚು ಮಾರುವ ಮನೆಯಲ್ಲಿ ಡಾಂಬರಿಗೆ ಏನು ಕೆಲಸ?

ಮಹಡಿಯ ಕಿಟಕಿಯಿಂದ ಧಣಿ ಬಗ್ಗಿ, ಬಿಸಿಲಲ್ಲಿ ಯಾಕೆ ನಿಂತಿರಿ, ಮೇಲೆ ಬನ್ನಿ, ಚಹಾ ಆರುತ್ತಿದೆ ಎಂದು ಕರೆದ.

ಮೇಲಿನ ಕೋಣೆಯ ಕಿಟಕಿ ಗಾಜುಗಳಿಗೆ ಬಾಂಬಿನ ಭಯಕ್ಕೆ ಕಾಗದದ ಪಟ್ಟಿ ಅಂಟಿಸಿದ್ದರು. ಗೋಡೆಯುದ್ದಕ್ಕೂ ಕಲ್ಲಿನ ತಲೆಗಳು, ಮೈಯಿಲ್ಲದವು, ಕಣ್ಣು ಅರೆಮುಚ್ಚಿ ಕೂತಿದ್ದವು. ಮೈಗಳು ಯಾವ ಬೆಟ್ಟದ ಗವಿಯಲ್ಲಿ ಉಳಿದವೋ. ಧಣಿ ತೆಳ್ಳಗಿನ ಮನುಷ್ಯ, ಮೆದು ಮಾತಿನವನು. ಒಂದು ತಲೆಯ ಧೂಳನ್ನು ಮಗುವಿನ ಕೆನ್ನೆ ಒರೆಸುವಂತೆ ಬಟ್ಟೆಯಿಂದ ಒರೆಸುತ್ತಿದ್ದ.

ಯುದ್ಧ ಶುರುವಾದಂದಿನಿಂದ ಅವನ ವ್ಯಾಪಾರಕ್ಕೆ ರೆಕ್ಕೆ ಬಂದಿತ್ತು. ಗಡಿಯಾಚೆ ಊರುಗಳು ಸುಡುತ್ತಿದ್ದವು. ಹೊರಟವರು ಬೆನ್ನು ತಾಳುವಷ್ಟನ್ನು ಹೊತ್ತು ಸೇತುವೆ ದಾಟುತ್ತಿದ್ದರು. ಹಾಸಿಗೆ ಬಿಟ್ಟು ಬಂದವರು ಕೂಡ ತಾತನ ಕಾಲದ ಚಿತ್ರದ ಸುರುಳಿಯನ್ನು ಬಿಟ್ಟು ಬಂದಿರಲಿಲ್ಲ. ಸೇತುವೆಯ ಈಚೆ ತುದಿಯಲ್ಲಿ ಧಣಿಯ ಲಾರಿ ನಿಂತಿರುತ್ತಿತ್ತು. ಲಾರಿಯಲ್ಲಿ ಜಾಗ ಬೇಕೆ, ಪಿಂಗಾಣಿ ಕೊಡು. ಹಿಟ್ಟಿನ ಮೂಟೆ ಬೇಕೆ, ಸುರುಳಿ ಕೊಡು. ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ಹಡಗಿಗೆ, ಹಡಗಿನಿಂದ ಬಾಂಬು ಬೀಳದ ದೇಶದ ಸಿರಿವಂತರ ಗೋಡೆಗೆ.

ಇದನ್ನು ಧಣಿ ಮುಚ್ಚಿಡುತ್ತಿರಲಿಲ್ಲ. ತಾನು ಕೊಳ್ಳದಿದ್ದರೆ ಅವೆಲ್ಲ ಯಾವುದೋ ಸಿಪಾಯಿಯ ಒಲೆಗೆ ಸೌದೆಯಾಗುತ್ತಿದ್ದವು, ತಾನು ಹೆಣ್ಣುಮಕ್ಕಳನ್ನು ಒಳ್ಳೆ ಮನೆಗೆ ಕೊಟ್ಟು ಕಳಿಸುವ ತಂದೆಯಿದ್ದಂತೆ ಅನ್ನುತ್ತಿದ್ದ. ಅದು ಪೂರಾ ಸುಳ್ಳಲ್ಲ ಅನ್ನುವುದೇ ಜಮಾದಾರನಿಗೆ ಸಂಕಟ.

ಆದರೆ ಕಳೆದುಹೋದ ಮೂರ್ತಿ ಕೊಂಡದ್ದಲ್ಲ. ಗಡಿಯಾಚೆಯ ಮಠವೊಂದರ ವಯಸ್ಸಾದ ಸನ್ಯಾಸಿನಿ, ಎಲ್ಲರೂ ಮಠದಜ್ಜಿ ಅನ್ನುವವಳು, ತಲೆ ಮೇಲೊಂದು ಸೂರು ಸಿಗುವ ತನಕ ಜೋಪಾನ ಮಾಡಿ ಎಂದು ಬಿಟ್ಟುಹೋದದ್ದು. ತಲೆಬಾಗಿಸಿ ಕೂತ ತಾಯಿಯ ಮೂರ್ತಿ. ಅವಳು ಕೇಳಲು ಬಂದ ದಿನ ಧಣಿ ಕಣ್ಣೀರು ಹಾಕಿ, ಮನೆಯೊಳಗಿನ ಕಳ್ಳನನ್ನು ತೋರಿಸಿದ್ದ.

ಜಮಾದಾರ ಚಹಾ ಮುಟ್ಟಲಿಲ್ಲ. ಡಾಂಬರು ಯಾತಕ್ಕೆ ಎಂದು ಕೇಳಿದ.

ಹಿತ್ತಲ ಬಾಗಿಲಿಗೆ ಗೆದ್ದಲು ಎಂದ ಧಣಿ. ಬಾಗಿಲಿಗೆ ಹಸಿರು ಬಣ್ಣ ಇದೆಯಲ್ಲ ಎಂದ ಜಮಾದಾರ. ಒಳಬದಿಗೆ ಎಂದ ಧಣಿ. ಒಳಬದಿಯೂ ಹಸಿರೇ ಎಂದ ಜಮಾದಾರ. ಧಣಿ ಬಟ್ಟೆ ಮಡಿಸಿಟ್ಟು, ಬಟ್ಟಲು ಕೈಗೆ ತೆಗೆದುಕೊಂಡ. ಹಾಲಿನ ಕೆನೆಯ ಬಣ್ಣದ ಹಳೇ ಪಿಂಗಾಣಿ. ಬೆಳಕಿಗೆ ಹಿಡಿದರೆ ಬೆರಳು ಕಾಣುವಂಥದ್ದು.

"ಗುಜರಿ ವ್ಯಾಪಾರ ಯಾವಾಗಿನಿಂದ ಹಿಡಿದಿರಿ ಧಣೀ?"

ಮನೆಯಲ್ಲಿ ಬಿದ್ದಿದ್ದ ಒಡಕು ಬೋಗುಣಿ, ಬೀಗ, ಹಂಡೆ, ಯುದ್ಧಕ್ಕೆ ಉಪಯೋಗವಾಗಲಿ ಎಂದು ಬಂದರಿಗೆ ಕಳಿಸಿದೆ, ದೇಶಸೇವೆ ಎಂದ ಧಣಿ. ಮಾತು ಸರಾಗವಾಗಿ ಬಂತು. ಮೊದಲೇ ಬಾಯಿಪಾಠ ಮಾಡಿಟ್ಟುಕೊಂಡ ಸರಾಗ.

ಜಮಾದಾರನಿಗೆ ಲೆಕ್ಕ ಕೂಡಿಬಂತು. ಈಗ ಹಡಗಿನಲ್ಲಿ ಅಲಂಕಾರದ ಸಾಮಾನಿಗೆ ಜಾಗ ಕೊಡುತ್ತಿರಲಿಲ್ಲ. ರಬ್ಬರು, ಹತ್ತಿ, ಗುಜರಿ ಲೋಹ, ಇಷ್ಟಕ್ಕೇ ಪರವಾನಗಿ. ಮೂರ್ತಿಗೆ ಡಾಂಬರು ಮೆತ್ತಿ ಹಂಡೆಗಳ ನಡುವೆ ತುರುಕಿದರೆ ಬಂದರಿನವರು ತಿರುಗಿಯೂ ನೋಡುವುದಿಲ್ಲ. ಆಚೆ ಬಂದರಿನಲ್ಲಿ ಧಣಿಯ ಪಾಲುದಾರ ಗುಜರಿ ಕೊಂಡು, ಸೀಮೆಎಣ್ಣೆಯಲ್ಲಿ ತೊಳೆದರೆ ತಾಯಿ ಮತ್ತೆ ಹೊಳೆಯುತ್ತಾಳೆ. ಒಳ್ಳೆಯ ಉಪಾಯ. ಯುದ್ಧ ಸ್ವಲ್ಪ ಸುಮ್ಮನಿದ್ದಿದ್ದರೆ ನಡೆದೂ ಹೋಗುತ್ತಿತ್ತು.

"ಆ ಹಡಗು ಗುಜರಿ ಹತ್ತಿಸಿಕೊಳ್ಳಲಿಲ್ಲ," ಎಂದ ಜಮಾದಾರ. "ಬೆಳಿಗ್ಗೆ ಬಂದರಿಗೆ ಹೋಗಿದ್ದೆ. ಗುಜರಿ ಪಟ್ಟಿಯಲ್ಲಿ ನಿಮ್ಮ ಹೆಸರಿತ್ತು. ಹಡಗಿಗೆ ಸಿಪಾಯಿಗಳನ್ನ ತುಂಬಿದ್ದಾರೆ. ಗುಜರಿ ಎಲ್ಲಾ ತಿರುಗಿಸಿ ತೋಪಿನ ಕಾರ್ಖಾನೆಗೆ ಸಾಗಿಸಿದ್ದಾರೆ. ಕರಗಿಸೋಕೆ."

ಧಣಿ ಬಟ್ಟಲನ್ನು ಮೇಜಿನ ಮೇಲೆ ಇಟ್ಟ. ಮೇಜು ಅಲ್ಲಿರಲಿಲ್ಲ, ಒಂದು ಗೇಣು ಆಚೆ ಇತ್ತು. ಬಟ್ಟಲು ನೆಲಕ್ಕೆ ಬಿದ್ದು ಚೂರಾಯಿತು. ಅಷ್ಟು ಹಳೇ ಪಿಂಗಾಣಿ, ಅವನು ಅದರ ಕಡೆ ನೋಡಲೂ ಇಲ್ಲ.

ಜಮಾದಾರನಿಗೆ ಬೇಕಾದ ಸಾಕ್ಷಿ ಸಿಕ್ಕಿತು. ಆದರೆ ಬಿಳಿಚಿಕೊಂಡ ಮುಖವನ್ನು ಯಾವ ಸಾಹೇಬರ ಮುಂದೆ ಹೊತ್ತುಕೊಂಡು ಹೋಗುವುದು?

ಅವನು ಕುರ್ಚಿ ಎಳೆದುಕೊಂಡು ಹತ್ತಿರ ಕೂತ. ದನಿ ತಗ್ಗಿಸಿ, ತಾನು ಬೈಯಲು ಬಂದಿಲ್ಲ ಎಂದ. ಗುಜರಿ ಕೊಟ್ಟವರೇ ಬಂದು, ಇದು ತಪ್ಪಿ ಸೇರಿದೆ, ಇದು ಮೂರ್ತಿ ಎಂದು ಹೇಳಿದರೆ ಕಾರ್ಖಾನೆಯವರು ತೆಗೆದಿಡುತ್ತಾರೆ. ಬೇರೆಯವರ ಮಾತು ನಡೆಯುವುದಿಲ್ಲ. ಧಣಿ ಒಮ್ಮೆ ಎದ್ದು ಬಂದರೆ ಸಾಕು.

"ಬಂದ್ರೆ ನನಗೇನು?"

"ಬೇಡಿ. ಸುಳ್ಳು ಹೇಳೋಲ್ಲ. ಮೂರ್ತಿ ಉಳಿಯುತ್ತೆ, ನಮ್ಮ ಹುಡುಗ ಮನೆಗೆ ಬರ್ತಾನೆ, ನಿಮ್ಮ ಕೈಗೆ ಬೇಡಿ ಬೀಳುತ್ತೆ."

"ಬರದಿದ್ರೆ?"

"ಮಧ್ಯಾಹ್ನ ಕುಲುಮೆ ತುಂಬ್ತಾರೆ."

ಧಣಿ ಕಲ್ಲಿನ ತಲೆಗಳ ಕಡೆ ತಿರುಗಿದ. ಕಣ್ಣಿನಿಂದ ನೀರು ಇಳಿಯಿತು. ನಾಟಕದ ನೀರಲ್ಲ ಅದು, ಜಮಾದಾರ ಎರಡೂ ಬಗೆಯನ್ನು ಬಲ್ಲವನು. ಆ ತಾಯಿ ತಲೆ ಬಾಗಿಸಿರುವುದು ಪಕ್ಕದಲ್ಲಿ ನಿಂತ ಮಗುವಿನ ಪಿಸುಮಾತು ಕೇಳಲಿಕ್ಕೆ ಎಂದು ಧಣಿ ಹೇಳಿದ. ಮಗುವನ್ನು ಶಿಲ್ಪಿ ಮಾಡಲೇ ಇಲ್ಲ, ಅದನ್ನು ನಾವೇ ಅಂದುಕೊಳ್ಳಬೇಕು. ಇಷ್ಟು ವರ್ಷದ ವ್ಯಾಪಾರದಲ್ಲಿ ಅಂಥದ್ದೊಂದು ತನ್ನ ಮನೆಗೆ ಬಂದಿರಲಿಲ್ಲ.

ಜಮಾದಾರನಿಗೆ ಆಸೆ ಹುಟ್ಟಿತು. ಎದ್ದು ಧಣಿಯ ಕೋಟನ್ನು ಗೂಟದಿಂದ ತೆಗೆದು ಹಿಡಿದ.

ಧಣಿ ಕೋಟಿಗೆ ಕೈ ಚಾಚಲಿಲ್ಲ. ಬಟ್ಟೆಯಿಂದ ಕಣ್ಣೊರೆಸಿಕೊಂಡು ಹೇಳಿದ: "ನಾನು ಕಳಿಸಿದ್ದು ಗುಜರಿ, ಜಮಾದಾರ್ರೇ. ಗುಜರಿಯಲ್ಲಿ ಮೂರ್ತಿ ಇರೋದಿಲ್ಲ."

ಹೊಡೆದು ಎಳೆದೊಯ್ಯುವ ವಯಸ್ಸು ದಾಟಿತ್ತು. ಎಳೆದೊಯ್ದರೂ ಅಲ್ಲಿ ಅವನು ಹೇಳುವುದು ಅದೇ ಮಾತು. ಜಮಾದಾರ ಕೋಟನ್ನು ಗೂಟಕ್ಕೆ ಸಿಕ್ಕಿಸಿ ಕೆಳಗಿಳಿದ.

ಬೀದಿಯ ತಿರುವಿನಲ್ಲಿ ತಂಗಿ ನಿಂತಿದ್ದಳು. ಕಂಕುಳಲ್ಲಿ ಬಟ್ಟೆಯ ಗಂಟು. ಠಾಣೆಯ ಬಾಗಿಲ ತನಕ ಹೋಗಿ ಬಂದೆ, ಒಳಗೆ ಹೋಗಲಿಲ್ಲ ಎಂದಳು. ಗಂಟಿನಲ್ಲಿ ಗಂಡನ ಉಣ್ಣೆ ಅಂಗಿ, ಕಂಬಳಿ.

"ಇದನ್ನ ಕೊಟ್ರೆ ಹೋಗು ಅಂದ ಹಾಗಾಗುತ್ತೆ. ಕೊಡದೇ ಇದ್ರೆ ಅಲ್ಲಿ ಚಳಿ. ಏನು ಮಾಡ್ಲಿ ಅಣ್ಣಾ?"

ಸದ್ಯ ನಿನ್ನ ಹತ್ತಿರವೇ ಇರಲಿ ಅಂದ ಜಮಾದಾರ.

"ಊರಿನ ಕಳ್ಳರನ್ನೆಲ್ಲಾ ಹಿಡಿದೆ," ಎಂದಳು ತಂಗಿ, ದನಿ ಏರಿಸದೆ. "ಕದಿಯದವನೊಬ್ಬನನ್ನ ಬಿಡಿಸೋಕೆ ಬರೋಲ್ಲ ನಿನಗೆ."

ಅವನು ಸೈಕಲ್ ಹತ್ತಿದ. ಏರಿನಲ್ಲಿ ತುಳಿಯುವಾಗ ಆ ಮಾತು ಹಿಂದಿನ ಕ್ಯಾರಿಯರ್ ಮೇಲೆ ಕೂತು ಬರುತ್ತಿದ್ದಂತಿತ್ತು.

ತೋಪಿನ ಕಾರ್ಖಾನೆಯ ಅಂಗಳದಲ್ಲಿ ಗುಜರಿ ಗುಡ್ಡದ ಹಾಗೆ ಬಿದ್ದಿತ್ತು. ಮಂಚದ ಕಾಲು, ಬಾಗಿಲ ಹಿಡಿಕೆ, ಯಾವುದೋ ಊರಿನ ಗಡಿಯಾರದ ಗೋಪುರದಿಂದ ಇಳಿಸಿದ ಗಂಟೆ, ಮಕ್ಕಳು ಸ್ನಾನ ಮಾಡಿದ ಹಂಡೆ. ಜನ ತಾವಾಗಿ ಕೊಟ್ಟದ್ದು ಎಷ್ಟೋ, ಕಿತ್ತುಕೊಂಡದ್ದು ಎಷ್ಟೋ. ಗೋಡೆಯಾಚೆ ಕುಲುಮೆ ಉಸಿರು ಬಿಡುತ್ತಿತ್ತು.

ಕಾರ್ಖಾನೆಯ ಮೇಸ್ತ್ರಿ ಜಮಾದಾರನ ಹಳೇ ಪರಿಚಯದವನು. ನಿನ್ನೆ ಬಂದ ಬಂದರಿನ ಗುಜರಿಯಲ್ಲಿ ಗಟ್ಟಿ ತುಂಡುಗಳೆಲ್ಲ ಆಗಲೇ ಒಳಗೆ ಹೋಗಿವೆ ಎಂದ. ಆದರೆ ಒಳಗೆ ಟೊಳ್ಳಿದ್ದು ಬಾಯಿ ಮುಚ್ಚಿದ ಸಾಮಾನನ್ನು ಹಾಗೇ ಕುಲುಮೆಗೆ ಹಾಕುವಂತಿಲ್ಲವಂತೆ. ಒಳಗಿನ ಗಾಳಿ, ತೇವ ಕಾದು ಬಾಂಬಿನಂತೆ ಸಿಡಿಯುತ್ತದೆ. ಹೋದ ತಿಂಗಳು ಹಾಗೇ ಆಗಿ ಒಬ್ಬನ ಕಣ್ಣು ಹೋಗಿತ್ತು. ಅದಕ್ಕೆ ಟೊಳ್ಳು ಸಾಮಾನನ್ನೆಲ್ಲ ಬೇರೆ ಇಟ್ಟು, ಮೊದಲು ಸುತ್ತಿಗೆಯಲ್ಲಿ ಒಡೆಯುತ್ತಾರೆ. ಒಡೆಯುವ ಕಟ್ಟೆ ಆ ಕಡೆ.

ಕಟ್ಟೆಯ ಪಕ್ಕ, ಮುಚ್ಚಿದ ಕೊಡಗಳ ನಡುವೆ, ಕರೀ ಮುದ್ದೆಯೊಂದು ಕೂತಿತ್ತು. ಮಂಡಿಯೆತ್ತರ. ಡಾಂಬರಿಗೆ ಹುಲ್ಲು, ಮಣ್ಣು ಅಂಟಿಕೊಂಡು ಆಕಾರವೇ ಕೆಟ್ಟಿತ್ತು. ಜಮಾದಾರ ಚಾಕು ತೆಗೆದು ಮೇಲಿನ ಭಾಗವನ್ನು ಕೆರೆದ. ಮೊದಲು ಹುಬ್ಬು ಬಂತು. ಆಮೇಲೆ ಬಾಗಿದ ಕಣ್ಣುರೆಪ್ಪೆ. ಆಮೇಲೆ, ಯಾರದೋ ಪಿಸುಮಾತಿಗೆ ಕೊಟ್ಟ ಕಿವಿ.

ಅವನು ಚಾಕು ಮಡಚಿ ಜೇಬಿಗೆ ಹಾಕಿದ.

ಸುತ್ತಿಗೆಯವನು, ಭಾರಿ ಆಳು, ಬೆವರೊರೆಸಿಕೊಳ್ಳುತ್ತ, ಪಾಪ ಯಾವ ಮನೆಯ ಸೊಸೆಯೋ, ಮುಖಕ್ಕೆ ಮಸಿ ಬಳಿದು ಕಳಿಸಿದ್ದಾರೆ ಎಂದ.

ಕಾರ್ಖಾನೆಯ ಮೇಲ್ವಿಚಾರಣೆಗೆ ದಂಡಿನ ಅಧಿಕಾರಿಯೊಬ್ಬನಿದ್ದ. ಕೆಡುಕನಲ್ಲ, ಎಷ್ಟೋ ದಿನದಿಂದ ನಿದ್ದೆ ಕಾಣದವನಂತಿದ್ದ. ಜಮಾದಾರ ಎಲ್ಲವನ್ನೂ ಹೇಳಿದ. ಅಧಿಕಾರಿ ಕೇಳಿಸಿಕೊಂಡು, ನೀವು ಈ ಮೂರ್ತಿಯನ್ನು ಮೊದಲು ನೋಡಿದ್ದಿರಾ ಎಂದ. ಇಲ್ಲ. ಹಾಗಾದರೆ ಇದೇ ಅದು ಅಂತ ನೀವು ಹೇಳಿದರೆ ಹೇಗೆ? ಕೊಟ್ಟವರು ಬರಲಿ, ಇಲ್ಲವೆ ಮೂರ್ತಿ ಯಾರದೋ ಅವರು ಬಂದು ನನ್ನ ಎದುರು ನಮ್ಮದು ಅನ್ನಲಿ. ಹಾಗಂದರೆ ಮೂರ್ತಿ ಪಕ್ಕಕ್ಕಿಡುತ್ತೇನೆ, ನಿಮ್ಮವನನ್ನು ಬಿಡಿ ಅಂತ ಠಾಣೆಗೆ ಫೋನೂ ಮಾಡುತ್ತೇನೆ. ಕುಲುಮೆ ತುಂಬುವ ಸೈರನ್ ಕೂಗಿದ ಮೇಲೆ ನನ್ನ ಕೈಲಿಲ್ಲ.

ಧಣಿ ಬರುವುದಿಲ್ಲ. ಉಳಿದವಳು ಮಠದಜ್ಜಿ.

ಇಷ್ಟು ದಿನದಲ್ಲಿ ಜಮಾದಾರನಿಗೆ ಮೊದಲ ಸಲ ದಾರಿ ಕಂಡಿತು. ರೈಲು ಹಳಿಯ ಹಿಂದಿನ ತಗಡಿನ ಷೆಡ್ಡಿಗೆ ಸೈಕಲ್ ತುಳಿದ. ಅಲ್ಲಿ ಮಠದವರು, ದಾರಿಯಲ್ಲಿ ಅವರು ಎತ್ತಿಕೊಂಡು ಬಂದ ತಬ್ಬಲಿ ಮಕ್ಕಳು, ಗೋಣಿ ಹಾಸಿಕೊಂಡು ಬದುಕಿದ್ದರು. ಅಜ್ಜಿ ಒಂದು ಮಗುವಿನ ತಲೆಯಲ್ಲಿ ಹೇನು ನೋಡುತ್ತಿದ್ದಳು. ಮೂರ್ತಿ ಸಿಕ್ಕಿದೆ ಎಂದಾಗ ಅವಳ ಕೈ ಆ ಕೂದಲಲ್ಲೇ ನಿಂತಿತು. ಏನೂ ಕೇಳದೆ ಎದ್ದಳು.

ಸೈಕಲ್‌ನ ಕ್ಯಾರಿಯರ್ ಮೇಲೆ ಒಂದು ಬದಿಗೆ ಕಾಲು ಹಾಕಿ ಕೂತಳು. ಮೂಳೆಗಳಷ್ಟೇ ಭಾರ. ಇಳಿಜಾರಿನಲ್ಲಿ, ಬೀಳಿಸುವುದಾದರೆ ಬರುವಾಗ ಬೀಳಿಸಪ್ಪ, ಹೋಗುವಾಗ ಬೇಡ ಎಂದಳು. ಜಮಾದಾರ ನಕ್ಕ. ನಕ್ಕು ಎಷ್ಟು ದಿನವಾಗಿತ್ತೆಂದು ಅವನಿಗೇ ನೆನಪಿರಲಿಲ್ಲ.

ಕಟ್ಟೆಯ ಹತ್ತಿರ ಅಧಿಕಾರಿ, ಮೇಸ್ತ್ರಿ, ಸುತ್ತಿಗೆಯವನು ಕಾಯುತ್ತಿದ್ದರು. ಅಜ್ಜಿ ನಿಧಾನವಾಗಿ ಬಂದು ಮೂರ್ತಿಯ ಎದುರು ನೆಲದಲ್ಲಿ ಕೂತಳು. ಮುಖದ ಕಡೆ ನೋಡಲಿಲ್ಲ. ಕೈ ತಾನಾಗಿ ಹೋಗಿ ಮೂರ್ತಿಯ ಎಡ ಮೊಣಕಾಲ ಮೇಲೆ ಕೂತಿತು. ಕತ್ತಲಲ್ಲಿ ಮನೆಯ ಚಿಲಕ ಸಿಗುತ್ತದಲ್ಲ, ಹಾಗೆ.

ಅಷ್ಟು ಸಾಕಾಗಿತ್ತು. ಕಣ್ಣಿದ್ದವರಿಗೆ ಅಷ್ಟು ಸಾಕಾಗಿತ್ತು.

ಅಧಿಕಾರಿ ಪಕ್ಕದಲ್ಲಿ ಬಗ್ಗಿ, ಯಾವ ಊರಿನಿಂದ ತಂದದ್ದು ಅಮ್ಮಾ ಎಂದು ಮೆಲ್ಲಗೆ ಕೇಳಿದ. ಅವಳು ಊರ ಹೆಸರು ಹೇಳಿದಳು. ಅಧಿಕಾರಿ ನೆಟ್ಟಗಾದ. ಜಮಾದಾರನ ಕಡೆ ನೋಡಿದ ನೋಟದಲ್ಲಿ, ಯಾಕಯ್ಯಾ ಇವಳನ್ನು ಕರೆತಂದೆ ಅನ್ನುವ ನೋವಿತ್ತು.

"ಆ ಊರು ಹೋದ ವಾರ ಶತ್ರುವಿನ ಕೈ ಸೇರಿತು," ಎಂದ ಅವನು. "ಹೊಸ ಹುಕುಂ ಬಂದಿದೆ. ಅಲ್ಲಿಂದ ಬಂದ ಸಾಮಾನು ಶತ್ರುವಿನ ಆಸ್ತಿ. ಅಲ್ಲಿಂದ ಬಂದವರು ಶತ್ರುವಿನ ಪ್ರಜೆಗಳು. ಇದು ನಿಮ್ಮದು ಅಂದ್ರೆ ನಾನು ಬರಕೋಬೇಕಾಗುತ್ತೆ ಅಮ್ಮಾ. ನಿಮ್ಮನ್ನೂ, ನಿಮ್ಮ ಜೊತೆ ಬಂದವರನ್ನೂ ತಂತಿಬೇಲಿಯೊಳಗೆ ಕಳಿಸಬೇಕಾಗುತ್ತೆ."

ಅಜ್ಜಿ, ಮಕ್ಕಳನ್ನೂ ಎಂದು ಕೇಳಿದಳು.

ಅಧಿಕಾರಿ ಹೌದೆಂದು ತಲೆಯಾಡಿಸಿದ. ಯಾವ ಊರಿನವರೆಂದು ಈವರೆಗೆ ಯಾರೂ ಕೇಳಿರಲಿಲ್ಲ, ಅದಕ್ಕೆ ಷೆಡ್ಡಿನಲ್ಲಿ ಇದ್ದಿರಿ ಎಂದ.

ಜಮಾದಾರ ಅವಳನ್ನು ತಾನೇ ಸೈಕಲ್ ಮೇಲೆ ಹೊತ್ತು ತಂದಿದ್ದ. ಅವಳು ಹೌದು ಅಂದರೆ ಷೆಡ್ಡಿನ ಮಕ್ಕಳು ಬೇಲಿಯೊಳಗೆ. ಅಲ್ಲ ಅಂದರೆ ತಂಗಿಯ ಗಂಡ ಸಂಜೆಯ ರೈಲಿಗೆ. ಹೇಳಿ ಅನ್ನಲೂ ನಾಲಗೆ ಏಳಲಿಲ್ಲ, ಹೇಳಬೇಡಿ ಅನ್ನಲೂ ಏಳಲಿಲ್ಲ. ಬೆಲ್ಟಿನ ಕೊಂಡಿ ಕಳಚಿದ.

ಅಜ್ಜಿ ತಲೆಯೆತ್ತಿ ಅವನನ್ನೇ ನೋಡಿದಳು. ಮನೆಯಲ್ಲಿ ಯಾರಿದ್ದಾರಪ್ಪ ಸೆರೆಯಲ್ಲಿರುವವನಿಗೆ ಎಂದಳು. ಹೆಂಡತಿ, ನನ್ನ ತಂಗಿ ಎಂದ ಜಮಾದಾರ. ಮಕ್ಕಳು? ಇಲ್ಲ.

ಇಲ್ಲ ಅಂದದ್ದು ನಿಜವೇ. ಆದರೂ ಅಂದ ಮೇಲೆ, ತಂಗಿಯ ಗಂಡನನ್ನು ತಾನೇ ತಕ್ಕಡಿಯಿಂದ ಕೆಳಗಿಳಿಸಿದಂತಾಯಿತು.

ಅಜ್ಜಿ ಕಣ್ಣು ಮುಚ್ಚಿದಳು.

"ಇದು ನಮ್ಮದಲ್ಲ," ಎಂದಳು.

ಅಧಿಕಾರಿ ಟೋಪಿ ಸರಿಮಾಡಿಕೊಂಡು ಬೇರೆ ಕಡೆ ತಿರುಗಿದ. ಆ ಕ್ಷಣಕ್ಕೆ ಗೋಡೆಯಾಚೆ ಸೈರನ್ ಕೂಗಿತು. ಕೂಗಿ ನಿಂತ ಮೇಲೆ ಅಂಗಳದಲ್ಲಿ ಕುಲುಮೆಯ ಉಸಿರೊಂದೇ ಉಳಿಯಿತು. ಮೇಸ್ತ್ರಿ ಸುತ್ತಿಗೆಯವನಿಗೆ ಕಣ್ಸನ್ನೆ ಮಾಡಿದ. ಅವನು ಎರಡೂ ಅಂಗೈಗೆ ಉಗುಳಿಕೊಂಡು ಸುತ್ತಿಗೆ ಎತ್ತಿ ಹೆಗಲಿಗೆ ತಂದ. ತಂದವನು ಹಾಗೇ ನಿಂತ.

"ಅಮ್ಮಾ," ಎಂದ ಅವನು. "ಕೈ ತೆಗೀರಿ."

ಅಜ್ಜಿಯ ಕೈ ಮೊಣಕಾಲ ಮೇಲೇ ಇತ್ತು. ಅವಳು ತೆಗೆಯಲಿಲ್ಲ. ಅಧಿಕಾರಿ ನಿಧಾನವಾಗಿ ಈ ಕಡೆ ತಿರುಗಿ, ಆ ಕೈಯನ್ನೇ ನೋಡತೊಡಗಿದ.